ಐದು ಡಾಲರಿನ ಕೌದಿ

ನಿಮ್ಮ ಮನೆಯಲ್ಲಿಯೂ ಹಳೆಯ ಕೌದಿಯೊಂದು ಇದ್ದೀತು. ಧಾರವಾಡ, ಬಿಜಾಪುರಗಳ ಕಡೆಯವರಿಗೆ ಕೌದಿಯೆಂದರೇನೆಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರೂ ಹಳೆಯ ಸೀರೆ ಧೋತರಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆಯನ್ನು ಕಂಡವರೇ. ಅದನ್ನು ಹೊದ್ದು ಮಲಗಿದ ಮಗು ಒಂದೊಂದು ತುಂಡನ್ನೂ ಬೆರಳಿನಿಂದ ಮುಟ್ಟಿ, 'ಇದು ಯಾರ ಸೀರೆ? ಇದು ಯಾರ ಅಂಗಿ?' ಎಂದು ಕೇಳುವುದುಂಟು. ಅಜ್ಜಿ ಹೇಳುವುದೂ ಉಂಟು. ಅಜ್ಜಿ ಹೋದ ಮೇಲೆ ಕೌದಿ ಉಳಿಯುತ್ತದೆ, ಆಕೆಯ ಮಾತು ಉಳಿಯುವುದಿಲ್ಲ. ಕೌದಿಯ ಜೊತೆಗೆ ಮಾತೂ ಉಳಿದುಬಂದ ಅಪರೂಪದ ಪ್ರಸಂಗವೊಂದನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಇದು ನಡೆದದ್ದು ನಮ್ಮ ನಾಡಿನಲ್ಲಲ್ಲ, ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯದಲ್ಲಿ. ಹೊಲಿದಾಕೆಯ ಹೆಸರು ಹ್ಯಾರಿಯೆಟ್ ಪವರ್ಸ್.

ಹ್ಯಾರಿಯೆಟ್ ಹುಟ್ಟಿದ್ದು ೧೮೩೭ರ ಅಕ್ಟೋಬರ್ ೨೯ರಂದು, ಜಾರ್ಜಿಯದ ಆಥೆನ್ಸ್ ಪಟ್ಟಣದ ಸಮೀಪದಲ್ಲಿ. ಆಫ್ರಿಕದಿಂದ ಹಿಡಿದು ತಂದ ಜನರ ಸಂತತಿಯ ಈಕೆ ಹುಟ್ಟಿನಿಂದಲೇ ಗುಲಾಮಳು. ಕಾನೂನಿನ ಕಣ್ಣಿನಲ್ಲಿ ಎತ್ತು ನೇಗಿಲುಗಳಂತೆ ಆಕೆಯೂ ಯಜಮಾನನ ಆಸ್ತಿ. ಬೇಕೆಂದಾಗ ಕೊಳ್ಳಬಹುದು, ಬೇಡವೆಂದಾಗ ಮಾರಬಹುದು. ಗುಲಾಮರಿಗೆ ಓದು ಬರಹ ಕಲಿಸುವುದು ಅಲ್ಲಿ ಅಪರಾಧವಾಗಿದ್ದಿತು. ಸುತ್ತಲಿನ ಹೊಲಗಳಲ್ಲಿ ಹತ್ತಿ. ಅದನ್ನು ಬಿತ್ತಿ ಬಿಡಿಸಿದವರು ಗುಲಾಮರು. ಹಣ ಎಣಿಸಿದವರು ಮಾತ್ರ ಬೇರೆಯವರು. ೧೮೫೫ರಲ್ಲಿ ಆಕೆಗೆ ಆರ್ಮ್‌ಸ್ಟೆಡ್ ಪವರ್ಸ್ ಎಂಬಾತನೊಡನೆ ಮದುವೆಯಾಯಿತು. ಅಂತರ್ಯುದ್ಧ ಮುಗಿದು ೧೮೬೫ರಲ್ಲಿ ಗುಲಾಮಗಿರಿ ರದ್ದಾಯಿತು. ಮುಂದೆ ಗಂಡಹೆಂಡಿರು ದುಡಿದು, ಮಕ್ಕಳನ್ನು ಸಾಕಿ, ೧೮೮೦ರ ದಶಕದ ಹೊತ್ತಿಗೆ ೪ ಎಕರೆ ಜಮೀನನ್ನು ಸ್ವಂತಕ್ಕೆ ಮಾಡಿಕೊಂಡಿದ್ದರು.

೧೮೮೬ರಲ್ಲಿ ಆಥೆನ್ಸಿನಲ್ಲಿ ಹತ್ತಿಯ ಮೇಳವೊಂದು ನಡೆಯಿತು. ಅಲ್ಲಿಯ ಪ್ರದರ್ಶನದಲ್ಲಿ ಹ್ಯಾರಿಯೆಟ್ ತಾನು ಹೊಲಿದ ಕೌದಿಯೊಂದನ್ನು ಇಟ್ಟಳು. ಸುಮಾರು ೬ ಅಡಿ ಅಗಲ, ೭ ಅಡಿಗೂ ಮಿಕ್ಕ ಉದ್ದ. ನಮ್ಮ ಕೌದಿಯಲ್ಲಿ ಹಳೆಯ ಬಟ್ಟೆಯ ಪದರಗಳೇ ಒಡಲು. ಅಮೆರಿಕದ ಹೊದಿಕೆಯಲ್ಲಿ ಮೇಲೊಂದು ಬಟ್ಟೆ, ಅಡಿಗೊಂದು ಬಟ್ಟೆ, ನಡುವೆ ತೆಳುವಾಗಿ ಹರಡಿದ ಅರಳೆ. ಮೂರೂ ಜಾರದಂತೆ ಉದ್ದಕ್ಕೂ ಹೊಲಿಗೆ. ಮೇಲಿನ ಬಟ್ಟೆಯಲ್ಲಿ ಚೌಕ, ತ್ರಿಕೋನ, ನಕ್ಷತ್ರಗಳನ್ನು ಜೋಡಿಸುವುದು ಅಲ್ಲಿಯ ಹೆಂಗಸರ ವಾಡಿಕೆ. ಹ್ಯಾರಿಯೆಟ್ ಮಾಡಿದ್ದು ಬೇರೆ. ಮನುಷ್ಯರು, ಪ್ರಾಣಿಗಳು, ಸೂರ್ಯ, ನಕ್ಷತ್ರಗಳು, ಇವುಗಳ ಆಕಾರಕ್ಕೆ ಬಟ್ಟೆಯನ್ನು ಕತ್ತರಿಸಿ, ಕೆಲವೆಡೆ ಕೈಯಿಂದ, ಕೆಲವೆಡೆ ಹೊಲಿಗೆಯಂತ್ರದಿಂದ ಹಚ್ಚಿ, ೧೧ ಅಂಕಣಗಳಲ್ಲಿ ಬೈಬಲಿನ ಕಥೆಯನ್ನೇ ಹೇಳಿದ್ದಳು. ಆದಾಮ ಮತ್ತು ಈವರ ತೋಟ, ತಮ್ಮನನ್ನು ಕೊಂದ ಕಾಯಿನ, ಯಾಕೋಬನ ಕನಸು, ಕ್ರಿಸ್ತನ ಶಿಲುಬೆ, ಜುದಾಸನ ೩೦ ಬೆಳ್ಳಿಯ ನಾಣ್ಯ ಎಲ್ಲವೂ ಅಲ್ಲಿದ್ದವು. ನಮ್ಮ ತೊಗಲುಗೊಂಬೆಗಳನ್ನು ನೋಡಿ ಬಲ್ಲವರಿಗೆ ಈ ಬಗೆಯ ಕಥನ ಹೊಸದೆನಿಸದು.

ಪಟ್ಟಣದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಜೆನ್ನಿ ಸ್ಮಿತ್ ಎಂಬ ಬಿಳಿಯ ಮಹಿಳೆ ಈ ಕೌದಿಯನ್ನು ಕಂಡು ಬೆರಗಾದಳು. ಹೊಲಿದವಳನ್ನು ಹುಡುಕಿಕೊಂಡು ಹೋಗಿ, 'ಇದನ್ನು ನನಗೆ ಕೊಡು' ಎಂದು ಕೇಳಿದಳು. ಎಷ್ಟು ಹಣ ಕೊಟ್ಟರೂ ಮಾರುವುದಿಲ್ಲವೆಂದು ಹ್ಯಾರಿಯೆಟ್ ಹೇಳಿಬಿಟ್ಟಳು. ಒಂದು ಕಾಲದಲ್ಲಿ ತನ್ನನ್ನೇ ಮಾರಬಹುದಾಗಿದ್ದ ನಾಡಿನಲ್ಲಿ, ತನ್ನ ವಸ್ತುವನ್ನು ಮಾರುವುದಿಲ್ಲವೆಂದು ಹೇಳುವ ಹಕ್ಕು ಆಕೆಯ ಕೈಗೆ ಬಂದು ಆಗಿನ್ನೂ ೨೧ ವರ್ಷವಾಗಿತ್ತಷ್ಟೆ.

ಆದರೆ ಬಡತನಕ್ಕೆ ಹಕ್ಕುಗಳ ಪರಿವೆ ಎಲ್ಲಿದೆ? ಕೆಲವು ವರ್ಷಗಳಲ್ಲಿ ಸಂಸಾರಕ್ಕೆ ಕೈ ಕಟ್ಟಿತು. ಹ್ಯಾರಿಯೆಟ್ ತಾನಾಗಿಯೇ ಹೇಳಿಕಳುಹಿಸಿದಳು. ಆಗ ಸ್ಮಿತ್‌ಳ ಬಳಿ ಹಣವಿರಲಿಲ್ಲ. ಮುಂದೆ ಅವಳಿಗೆ ಅನುಕೂಲವಾದಾಗ, ಹ್ಯಾರಿಯೆಟ್ ಎತ್ತಿನ ಗಾಡಿಯಲ್ಲಿ ಬಂದಳು. ಕೌದಿಯನ್ನು ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿ, ಮೇಲೆ ಇನ್ನೊಂದು ಗೋಣಿಯನ್ನು ಹೊದಿಸಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಕೇಳಿದ ಬೆಲೆ ೧೦ ಡಾಲರು. ಸ್ಮಿತ್ ತನ್ನಿಂದ ೫ ಡಾಲರು ಮಾತ್ರ ಸಾಧ್ಯವೆಂದಳು. ಹ್ಯಾರಿಯೆಟ್ ಹೊರಗೆ ಹೋಗಿ ಗಂಡನೊಡನೆ ಮಾತನಾಡಿ ಬಂದಳು. ಕಾಲ ಕೆಟ್ಟಿದೆ, ಕೊಟ್ಟುಬಿಡು ಎಂಬುದು ಅವನ ಮಾತಾಗಿತ್ತು. ಅರ್ಧ ಬೆಲೆಗೆ ಕೌದಿ ಕೈಬದಲಾಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಅದನ್ನು ನೆನೆಯುವವರು ಯಾರೂ ಇರುತ್ತಿರಲಿಲ್ಲವೇನೋ. ಹೋಗುವ ಮುನ್ನ ಹ್ಯಾರಿಯೆಟ್ ಒಂದು ಕೆಲಸ ಮಾಡಿದಳು. ೧೧ ಅಂಕಣಗಳನ್ನೂ ಒಂದೊಂದಾಗಿ ಬೆರಳಿಟ್ಟು ವಿವರಿಸಿದಳು: ಇವನು ಯಾರು, ಈ ಪ್ರಾಣಿ ಯಾವುದು, ಈ ನಕ್ಷತ್ರ ಏಕೆ ಇಲ್ಲಿದೆ ಎಂದು. ಸ್ಮಿತ್ ಅದೆಲ್ಲವನ್ನೂ ಬರೆದಿಟ್ಟುಕೊಂಡಳು. ಮಾರಿದ ಮೇಲೂ ಹ್ಯಾರಿಯೆಟ್ ಹಲವು ಸಲ ಆ ಮನೆಗೆ ಬಂದು ತನ್ನ ಕೌದಿಯನ್ನು ನೋಡಿಕೊಂಡು ಹೋದಳಂತೆ. ಸ್ಮಿತ್ ಕೊಟ್ಟ ಬೆಲೆ ನ್ಯಾಯವಾದುದೆಂದು ಹೇಳಲಾರೆವು. ಆದರೆ ಆಕೆಯ ಬರಹವಿಲ್ಲದಿದ್ದರೆ ಹೊಲಿದವಳ ಹೆಸರೂ ಉಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು. ಇತಿಹಾಸದ ಲೆಕ್ಕ ಹೀಗೆ ಎರಡೂ ಕಡೆಗೆ ಬಾಕಿ ಉಳಿಸಿಕೊಂಡಿರುತ್ತದೆ.

ಹ್ಯಾರಿಯೆಟ್‌ಳ ಇನ್ನೊಂದು ಕೌದಿಯೂ ಉಳಿದಿದೆ. ೧೮೯೮ರಲ್ಲಿ ಅದು ಅಟ್ಲಾಂಟ ವಿಶ್ವವಿದ್ಯಾಲಯಕ್ಕೆ ಸಂಬಂಧಪಟ್ಟ ಮಹಿಳೆಯರಿಂದ ಗೌರವದ ಕಾಣಿಕೆಯಾಗಿ ಪಾದ್ರಿಯೊಬ್ಬರಿಗೆ ಸಂದಿತು. ಇದರಲ್ಲಿ ೧೫ ಅಂಕಣಗಳು. ಬೈಬಲಿನ ಜೊತೆಗೆ ಇಲ್ಲಿ ಜನರ ಬಾಯಲ್ಲಿ ಉಳಿದಿದ್ದ ಚರಿತ್ರೆಯೂ ಸೇರಿದೆ. ೧೭೮೦ರ ಮೇ ೧೯ರಂದು ಹಾಡುಹಗಲಿನಲ್ಲಿ ಕತ್ತಲಾದದ್ದು ಒಂದು ಅಂಕಣ; ಆ ಕತ್ತಲೆಗೆ ಕಾಡ್ಗಿಚ್ಚಿನ ಹೊಗೆ ಕಾರಣವೆಂಬುದು ಇಂದಿನ ವಿಜ್ಞಾನಿಗಳ ಅಭಿಪ್ರಾಯ. ೧೮೩೩ರ ನವೆಂಬರ್ ೧೩ರ ರಾತ್ರಿ ಆಕಾಶದಿಂದ ಉಲ್ಕೆಗಳು ಮಳೆಯಂತೆ ಸುರಿದು, ಪ್ರಳಯವೇ ಬಂತೆಂದು ಜನ ನಡುಗಿದ್ದು ಇನ್ನೊಂದು. ೧೮೯೫ರ ಫೆಬ್ರುವರಿ ೧೦ರ ಘೋರ ಚಳಿಯಲ್ಲಿ ಮನುಷ್ಯರು ಇದ್ದ ಇದ್ದಲ್ಲಿಯೇ ಸೆಟೆದದ್ದು ಮತ್ತೊಂದು. ಮೊದಲಿನ ಎರಡೂ ಆಕೆ ಹುಟ್ಟುವುದಕ್ಕೆ ಮುಂಚಿನವು. ಹಿರಿಯರ ಬಾಯಿಂದ ಕೇಳಿದ್ದನ್ನು ಆಕೆ ಬಟ್ಟೆಗೆ ಇಳಿಸಿದ್ದಳು. ನಡುವೆ ಒಂದು ಹಂದಿಯೂ ಇದೆ. ಬೆಟ್ಸ್ ಎಂದು ಅದರ ಹೆಸರು. ಅದು ಜಾರ್ಜಿಯದಿಂದ ವರ್ಜೀನಿಯಕ್ಕೆ ೫೦೦ ಮೈಲಿ ಓಡಿಹೋಯಿತೆಂದು ಆಕೆಯ ವಿವರಣೆ. ಉತ್ತರದ ದಿಕ್ಕಿಗೆ ಓಡಿ ಬಿಡುಗಡೆ ಹುಡುಕಿದ ಗುಲಾಮರ ನೆನಪು ಈ ಹಂದಿಯಲ್ಲಿ ಅಡಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆಯಾದರೂ ಮನಸ್ಸಿಗೆ ಒಪ್ಪುವ ಊಹೆ.

ಹ್ಯಾರಿಯೆಟ್ ೧೯೧೦ರ ಜನವರಿ ೧ರಂದು ತೀರಿಕೊಂಡಳು. ಆಕೆಗೆ ಅಕ್ಷರ ಬರುತ್ತಿರಲಿಲ್ಲವೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ೧೮೯೬ರಲ್ಲಿ ಆಕೆಯೇ ಬರೆದ ಕಾಗದವೊಂದರ ಪ್ರತಿ ಈಚೆಗೆ, ಈ ಶತಮಾನದಲ್ಲಿ, ದೊರೆತ ಮೇಲೆ ಆ ಮಾತು ಸುಳ್ಳಾಯಿತು. ಓದಲು ತಾನು ಹೇಗೆ ಕಲಿತೆನೆಂಬುದನ್ನೂ, ಈ ಎರಡಲ್ಲದೆ ಬೇರೆ ಕೌದಿಗಳನ್ನು ಹೊಲಿದಿದ್ದುದನ್ನೂ ಆಕೆ ಅದರಲ್ಲಿ ತಿಳಿಸಿದ್ದಾಳೆ. ನೋಡಿ, ಗುಲಾಮಳಾಗಿದ್ದವಳಿಗೆ ಓದು ಎಲ್ಲಿಂದ ಬರಬೇಕೆಂದು ನಾವೇ ತೀರ್ಮಾನಿಸಿಬಿಡುತ್ತೇವೆ; ಆಕೆ ತನ್ನ ಕೈಬರಹದಲ್ಲಿಯೇ ನಮ್ಮನ್ನು ತಿದ್ದಬೇಕಾಯಿತು.

ಇಂದು ಬೈಬಲ್ ಕೌದಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ಎರಡನೆಯದು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ. ೨೦೨೧ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಪ್ರದರ್ಶನದಲ್ಲಿ ಎರಡನ್ನೂ ಮೊದಲ ಬಾರಿಗೆ ಅಕ್ಕಪಕ್ಕದಲ್ಲಿ ತೂಗಹಾಕಿದರು. ಬಟ್ಟೆಗೆ ಬೊಂಬೆ ಹಚ್ಚುವ ಆಕೆಯ ರೀತಿಗೂ ಪಶ್ಚಿಮ ಆಫ್ರಿಕದ ದಹೋಮಿಯ ಪತಾಕೆಗಳಿಗೂ ಹೋಲಿಕೆಯಿದೆಯೆಂದು ಬಲ್ಲವರು ಹೇಳುತ್ತಾರೆ. ಹೋಲಿಕೆಯೊಂದೇ ಸಾಕ್ಷ್ಯವಾಗದು, ಆದರೂ ಕಡಲು ದಾಟಿದ ಜನ ಕೈಯ ಅಭ್ಯಾಸವನ್ನು ದಡದಲ್ಲಿ ಬಿಟ್ಟು ಬರುವುದಿಲ್ಲವಷ್ಟೆ.

ಇಷ್ಟು ದೂರ ಹೋದ ಮೇಲೆ ನಮ್ಮ ಉತ್ತರ ಕನ್ನಡಕ್ಕೆ ಮರಳದೆ ಇರುವಂತಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಜನರೂ ಆಫ್ರಿಕ ಮೂಲದವರು. ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಬಂದವರ ಸಂತತಿಯವರು ಅವರಲ್ಲಿದ್ದಾರೆ. ಅವರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಚ್ಚುತ್ತ, ಸಾಲು ಹೊಲಿಗೆಯಲ್ಲಿ ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಾಗುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಲ್ಲಿಯೂ ಮಡಿಸಿದ ಪುಟ್ಟ ತುಂಡುಗಳು; ಅವಕ್ಕೆ 'ಫೂಲ', ಎಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕವಂದಿ ಬೆತ್ತಲೆಯಂತೆ! ೨೦೧೧ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಆಫ್ರಿಕ ಮೂಲದವರ ಚರಿತ್ರೆಯನ್ನು ಸಂಗ್ರಹಿಸುವ ಪ್ರಸಿದ್ಧ ಸಂಸ್ಥೆ ಅದು. ಹ್ಯಾರಿಯೆಟ್‌ಳ ನಾಡಿನವರು ನಮ್ಮ ಕಾಡಂಚಿನ ಅಕ್ಕತಂಗಿಯರ ಹೊಲಿಗೆಯನ್ನು ಹೀಗೆ ಕಂಡರು.

ಇಷ್ಟೆಲ್ಲ ಹೇಳಿದ್ದು ಏಕೆಂದರೆ, ಬಹಳ ಕಾಲ ಚರಿತ್ರೆಯನ್ನು ಬರೆದವರು ಲೇಖನಿಯುಳ್ಳವರು. ಸೂಜಿಯುಳ್ಳವರ ಬರಹವನ್ನು ನಾವು ಹಾಸಿ ಹೊದ್ದು ಹರಿದುಹಾಕಿದೆವು. ಬೀದಿಯಲ್ಲಿ ಕೌದಿ ಹೊಲಿದುಕೊಡುತ್ತೇವೆಂದು ಕೂಗುತ್ತ ಬರುವ ಹೆಂಗಸಿನೊಡನೆ ನಾವೂ ಅರ್ಧ ಬೆಲೆಗೆ ಚೌಕಾಶಿ ಮಾಡಿದವರೇ. ಮುಂದಿನ ಸಲ ಆಕೆ ಕೇಳಿದ ಕೂಲಿಯನ್ನು ಕೊಟ್ಟು ನೋಡಿ. ಇನ್ನು ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಕೌದಿಯಿದ್ದು, ಅದನ್ನು ಹೊಲಿದ ಹಿರಿಯಳು ಇನ್ನೂ ಜೊತೆಯಲ್ಲಿದ್ದರೆ, ನೀವು ಪುಣ್ಯವಂತರು. ಬಿಡುವಾದ ಒಂದು ಸಂಜೆ ಅದನ್ನು ಆಕೆಯ ಮುಂದೆ ಹಾಸಿ, ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳಿ. ಹೇಳಿದ್ದನ್ನು ಮಕ್ಕಳ ಕೈಯಲ್ಲಿ ಬರೆಯಿಸಿ. ಕೊನೆಯಲ್ಲಿ ಹೊಲಿದವಳ ಹೆಸರನ್ನೂ ತಾರೀಖನ್ನೂ ಹಾಕುವುದನ್ನು ಮಾತ್ರ ಮರೆಯಬೇಡಿ.