ಮುಸುರೆಯ ಹಾದಿ ಹಿಡಿದ ಹಂದಿ ಜ್ವರ

ನವಲಗುಂದ, ಕುಂದಗೋಳ, ಅಣ್ಣಿಗೇರಿಯಂಥ ಊರುಗಳ ಓಣಿಯಲ್ಲಿ ತಿರುಗುವ ಹಂದಿಗೂ ಒಬ್ಬ ಒಡೆಯನಿರುತ್ತಾನೆ. ಹಂದಿ ಸಾಕಿಯೇ ಬದುಕುವ ಕೊರಮ, ಹಂದಿಜೋಗಿ ಕುಟುಂಬಗಳಿಗೆ ಕಷ್ಟಕಾಲದ ಗಂಟು ಅದೇ. ಖಾನಾವಳಿಯ ಎಂಜಲು, ಮದುವೆ ಮನೆಯ ಮುಸುರೆ ಅದರ ಮೇವು. ಹಂದಿಗಳ ವೈರಸ್ ರೋಗದ ಚರಿತ್ರೆಯೂ ಬಹುಮಟ್ಟಿಗೆ ಈ ಮುಸುರೆಯ ಚರಿತ್ರೆಯೇ.

ಹಂದಿಗಳನ್ನು ಕೊಲ್ಲುವ ಜ್ವರಗಳಲ್ಲಿ ಮುಖ್ಯವಾದವು ಎರಡು. (2009ರಲ್ಲಿ ಜನರನ್ನು ಕಾಡಿದ ಎಚ್1ಎನ್1 ಬೇರೆ, ಇವು ಮನುಷ್ಯರಿಗೆ ಅಂಟುವುದಿಲ್ಲ.) ಹಳೆಯದಾದ ಕ್ಲಾಸಿಕಲ್ ಹಂದಿ ಜ್ವರ 1833ರಲ್ಲಿ ಅಮೆರಿಕದ ಓಹಾಯೊದಲ್ಲಿ ಗುರುತಿಗೆ ಬಂತು. ಇದಕ್ಕೆ ಲಸಿಕೆಯುಂಟು. ವೈರಸ್ಸನ್ನು ಮೊಲದಿಂದ ಮೊಲಕ್ಕೆ ದಾಟಿಸುತ್ತ ಅದರ ಉಗ್ರತೆಯನ್ನು ಕುಗ್ಗಿಸಿ ಸಿದ್ಧಪಡಿಸಿದ ಲಸಿಕೆಯದು. ದನಗಳ ದೊಡ್ಡರೋಗಕ್ಕೆ ಮದ್ದು ತಯಾರಿಸಲೆಂದು 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆರಂಭವಾದ ಸಂಸ್ಥೆ ಇದನ್ನೂ ತಯಾರಿಸುತ್ತ ಬಂದಿದೆ. ಆದರೆ ಒಂದು ಮೊಲದ ಗುಲ್ಮದಿಂದ ಸಿಗುವುದು ಸುಮಾರು 50 ಡೋಸ್ ಮಾತ್ರ. ದೇಶಕ್ಕೆ ವರ್ಷಕ್ಕೆ ಎರಡು ಕೋಟಿ ಡೋಸ್ ಬೇಕಿದ್ದಾಗ ತಯಾರಾಗುತ್ತಿದ್ದುದು ಸುಮಾರು 12 ಲಕ್ಷ. ಮೊಲದ ಹಂಗಿಲ್ಲದೆ, ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಯನ್ನು ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ರೂಪಿಸಿತು; ಅದು 2020ರಲ್ಲಿ ಬಿಡುಗಡೆಯಾಯಿತು. ಓಣಿಯ ಹಂದಿಯನ್ನು ಹಿಡಿದು ಸೂಜಿ ಚುಚ್ಚುವುದು ಎಷ್ಟು ಸುಲಭ ಎಂಬುದು ಬೇರೆ ಮಾತು!

ವಿಚಿತ್ರವೆಂದರೆ ಅದೇ ವರ್ಷ ಆಫ್ರಿಕನ್ ಹಂದಿ ಜ್ವರ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡಿತು. 1921ರಲ್ಲಿ ಕೀನ್ಯಾದಿಂದ ವರದಿಯಾದ ರೋಗವಿದು. ಅಲ್ಲಿಯ ಕಾಡುಹಂದಿಗಳಿಗೆ ಏನೂ ಮಾಡದ ವೈರಸ್ ಸಾಕಿದ ಹಂದಿಗಳ ದಡ್ಡಿಯನ್ನೇ ಬರಿದು ಮಾಡುತ್ತದೆ. 1957ರಲ್ಲಿ ಅದು ಪೋರ್ಚುಗಲ್‌ನ ಲಿಸ್ಬನ್ ಮುಟ್ಟಿತು. ವಿಮಾನಗಳಲ್ಲಿ ಉಳಿದ ಊಟವನ್ನು ನಿಲ್ದಾಣದ ಸಮೀಪದ ಹಂದಿಗಳಿಗೆ ಹಾಕಿದ್ದೇ ಇದಕ್ಕೆ ಕಾರಣವೆನ್ನಲಾಗಿದೆ. ಆ ಸಲ ಅಡಗಿದ ರೋಗ 1960ರಲ್ಲಿ ಮರಳಿ ಬಂದು, ಸ್ಪೇನ್‌ಗೂ ಹಬ್ಬಿ, 1990ರ ದಶಕದವರೆಗೆ ಬಿಡಲಿಲ್ಲ. 2007ರಲ್ಲಿ ಜಾರ್ಜಿಯಾ, 2018ರಲ್ಲಿ ಚೀನಾ ಅದರ ದಾರಿಗೆ ಸಿಕ್ಕವು.

ಇದಕ್ಕೆ ಭಾರತದಲ್ಲಿ ಬಳಕೆಗೆ ಬಂದ ಲಸಿಕೆ ಇಲ್ಲ. ರೋಗ ಖಚಿತವಾದ ಸ್ಥಳದ ಸುತ್ತ 1 ಕಿ.ಮೀ. ಒಳಗಿನ ಹಂದಿಗಳನ್ನು ಕೊಂದು ಹೂಳಿ, 10 ಕಿ.ಮೀ.ವರೆಗೆ ನಿಗಾ ಇಡಬೇಕೆಂಬುದು ನಿಯಮ. ಪರಿಹಾರವುಂಟು. ಅದು ಕೈಸೇರುವ ನಂಬಿಕೆ ಇಲ್ಲದಿದ್ದರೆ ಸಾಕುವವನು ಕಾಯಿಲೆ ಮುಚ್ಚಿಟ್ಟು ಉಳಿದ ಹಂದಿಗಳನ್ನು ರಾತ್ರೋರಾತ್ರಿ ಮಾರಲು ನೋಡುತ್ತಾನೆ. ಅವುಗಳ ಜೊತೆ ವೈರಸ್ಸೂ ಊರು ದಾಟುತ್ತದೆ.

ಮುಸುರೆಯನ್ನು ಕಲಕುತ್ತ ಒಂದು ಗಂಟೆ ಚೆನ್ನಾಗಿ ಕುದಿಸಿದರೆ ವೈರಸ್ ಸಾಯುತ್ತದೆ. ಆದರೆ ಕುದಿಸಲು ಕಟ್ಟಿಗೆ ಬೇಕು, ಹಂದಿಗಳನ್ನು ಕೂಡಿಹಾಕಲು ದಡ್ಡಿಗೆ ಜಾಗ ಬೇಕು. ಓಣಿಯಲ್ಲಿ ಹಂದಿ ಬಿಟ್ಟವರಲ್ಲಿ ಹೆಚ್ಚಿನವರಿಗೆ ಎರಡೂ ಇಲ್ಲ.