ಷಾಂಪೇನೂ ಕೋಲಾರದ ನಾಲಗೆಯೂ

ಫ್ರಾನ್ಸ್ ದೇಶದ ಈಶಾನ್ಯ ಮೂಲೆಯ ಷಾಂಪೇನ್ ಪ್ರಾಂತಕ್ಕೂ ನಮ್ಮ ಕೋಲಾರದ ಸೀಮೆಗೂ ಯಾವ ನಂಟೆಂದು ಕೇಳುಗರು ಹುಬ್ಬೇರಿಸಿಯಾರು. ಅದು ಚಳಿಯ ನಾಡು, ಸೀಮೆಸುಣ್ಣದ ನೆಲ. ಇದು ಕೆಮ್ಮಣ್ಣಿನ ನಾಡು, ಮಳೆಯನ್ನೂ ಕೆರೆಗಳನ್ನೂ ನಂಬಿ ಬದುಕಿದ್ದು. ಆದರೂ ಹೊಸಗನ್ನಡ ಸಾಹಿತ್ಯದಲ್ಲಿ ಪಾನಪಾತ್ರೆಯ ಮಾತೆತ್ತಿದರೆ ಮೊದಲು ನೆನಪಾಗುವ ಇಬ್ಬರೂ ಈ ಸೀಮೆಯವರೇ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರು ಪಾರಸೀಕ ಕವಿ ಉಮರ್ ಖಯ್ಯಾಮನನ್ನು ಫಿಟ್ಜೆರಾಲ್ಡನ ಇಂಗ್ಲಿಷಿನ ಮೂಲಕ ಬರಮಾಡಿಕೊಂಡು ‘ಉಮರನ ಒಸಗೆ’ಯನ್ನು ಕನ್ನಡಕ್ಕೆ ಕೊಟ್ಟರು. 1891ರಲ್ಲಿ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ, ಕುಡಿತ ಮತ್ತು ಭೋಗಗಳಲ್ಲಿ ತನ್ನನ್ನೂ ರಾಜ್ಯವನ್ನೂ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕಥೆ ಹೇಳಿದರು. ಒಬ್ಬರಲ್ಲಿ ಬಟ್ಟಲು ಬಾಳಿನ ಕ್ಷಣಿಕತೆಯನ್ನು ಕುರಿತ ವಿಚಾರಕ್ಕೆ ನೆಪ. ಇನ್ನೊಬ್ಬರಲ್ಲಿ ಅದೇ ಬಟ್ಟಲು ಕೇಡಿಗೆ ಕಾರಣ.

ಈ ಎರಡರ ನಡುವೆ ಮೂರನೆಯದೊಂದಿದೆ. ಅದು ರುಚಿ. ಮೈಮರೆಯಲೆಂದೇ ಕುಡಿಯುವವನಿಗೆ ಬಟ್ಟಲಿನಲ್ಲಿ ಏನಿದ್ದರೂ ಒಂದೇ. ತತ್ತ್ವಜ್ಞಾನಿಗೆ ಬಟ್ಟಲು ಬರಿದಾಗಿದ್ದರೂ ನಡೆದೀತು. ಕುಡಿಯುವ ವಸ್ತುವನ್ನೇ ಆಯ್ದು, ಅರಿತು, ಸವಿಯುವವನ ಮಾತು ಬೇರೆ. ಅವನ ಪರವಾಗಿ ನಾನು ಈ ಹೊತ್ತು ಷಾಂಪೇನಿನ ಕಥೆಯನ್ನು ಹೇಳಹೊರಟಿದ್ದೇನೆ. ಎಂದೂ ಅದನ್ನು ಮುಟ್ಟದಿರುವ ಕೇಳುಗರೂ ಇದನ್ನು ನಾಲಗೆಯ ಚರಿತ್ರೆಯ ಒಂದು ಅಧ್ಯಾಯವೆಂದು ಕೇಳಬಹುದು.

ರುಚಿಯ ಈ ವಿವೇಚನೆ ನಮಗೆ ಹೊಸದಲ್ಲ. ಕ್ರಿ.ಶ. 941ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಪಂಪ ಒಂದು ಪಾನಗೋಷ್ಠಿಯನ್ನು ವರ್ಣಿಸುತ್ತಾನೆ. ಅಲ್ಲಿ ಮದ್ಯದ ಬಗೆಗಳೂ ಹಲವು, ಅದನ್ನು ತುಂಬುವ ಬಟ್ಟಲುಗಳೂ ಹಲವು. ಚಿನ್ನ ಬೆಳ್ಳಿಗಳವು, ಗಿಳಿ ಕೋಗಿಲೆ ಹಂಸಗಳ ಆಕಾರದವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದಂತೆಯೇ ಪಾನೀಯಭೋಗವನ್ನೂ ಅರಸನ ಸುಖಗಳಲ್ಲಿ ಒಂದಾಗಿ ಎಣಿಸಿ, ಕುಡಿಯುವ ನೀರನ್ನು ಸಹ ಋತುವಿಗೆ ತಕ್ಕಂತೆ ಆರಿಸಬೇಕೆನ್ನುತ್ತಾನೆ. ಕೋಲಾರದಂಥ ಊರಿನಲ್ಲಿ ಕೊಡ ಹಿಡಿದು ಕಾದವರಿಗೆ ಇದು ಅರಸರ ಪರಿಹಾಸದಂತೆ ಕೇಳಿಸೀತು. ಆದರೂ ನೀರಿನಲ್ಲೇ ತಾರತಮ್ಯ ಕಂಡ ನಾಲಗೆ ಎಂಥದ್ದೆಂಬುದನ್ನು ಗಮನಿಸಬೇಕು.

ಮುಂದೆ ಈ ಪರಂಪರೆ ಸಾಮಾನ್ಯರ ಬಾಳಿನಲ್ಲಿ ಉಳಿಯಲಿಲ್ಲ. ಕುಡಿತವೆಂದರೆ ಅಬಕಾರಿಯ ಆದಾಯ, ಇಲ್ಲವೆ ಮನೆಮಠ ಕಳೆಯುವ ದುಶ್ಚಟ ಎಂಬೆರಡೇ ಅರ್ಥಗಳು ನಿಂತವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಈ ಬಿರುಕು ಕಣ್ಣಿಗೆ ಕಾಣುವಂತಿತ್ತು. ದಿಬ್ಬದ ಮೇಲೆ ಸಾಹೇಬರ ಬಂಗಲೆ ಮತ್ತು ಕ್ಲಬ್ಬು. ಕೆಳಗೆ ಕೂಲಿ ಲೈನುಗಳು. ಪಾತಾಳದ ಶಾಖದಲ್ಲಿ ದುಡಿದು ಮೇಲೆ ಬಂದವನಿಗೆ ಸಾರಾಯಿಯಲ್ಲಿ ರುಚಿಯನ್ನು ಹುಡುಕುವ ಪುರುಸೊತ್ತೆಲ್ಲಿ? ಗಣಿಗಳು 2001ರಲ್ಲಿ ಮುಚ್ಚಿದವು. ಸಾರಾಯಿಯನ್ನು ಸರ್ಕಾರ 2007ರ ಜುಲೈಯಲ್ಲಿ ನಿಷೇಧಿಸಿತು. ಸಾರಾಯಿಯಿಂದ ಬೀದಿಗೆ ಬಿದ್ದ ಸಂಸಾರಗಳನ್ನು ಕಂಡವರು ಯಾರೂ ಆ ನಿಷೇಧಕ್ಕೆ ಕಣ್ಣೀರಿಡಲಾರರು.

ಇನ್ನು ಷಾಂಪೇನು. ಅದರ ಗುಟ್ಟು ನಮ್ಮ ಅಡುಗೆಮನೆಯವರಿಗೆ ಕ್ಷಣದಲ್ಲಿ ತಿಳಿಯುತ್ತದೆ. ಧನುರ್ಮಾಸದ ಚಳಿಯಲ್ಲಿ ರಾತ್ರಿ ಕಲಸಿಟ್ಟ ದೋಸೆಯ ಹಿಟ್ಟು ಬೆಳಗಾದರೂ ಉಬ್ಬುವುದಿಲ್ಲ. ಬಿಸಿಲೇರಿದ ಮೇಲೆ ಪಾತ್ರೆ ಮೀರಿ ಉಕ್ಕುತ್ತದೆ. ಷಾಂಪೇನ್ ಪ್ರಾಂತದಲ್ಲಿ ಶರತ್ಕಾಲದಲ್ಲಿ ಹಿಂಡಿದ ದ್ರಾಕ್ಷಾರಸಕ್ಕೂ ಇದೇ ಗತಿ. ಚಳಿಗಾಲದಲ್ಲಿ ಹುದುಗುವುದು ಅರ್ಧಕ್ಕೇ ನಿಂತು, ವಸಂತದಲ್ಲಿ ಮತ್ತೆ ಮೊದಲಾಗುತ್ತದೆ. ಅಷ್ಟರೊಳಗೆ ರಸವನ್ನು ಶೀಷೆಗೆ ತುಂಬಿ ಬಿರಟೆ ಜಡಿದಿದ್ದರೆ, ಹೊರಬರಲು ದಾರಿಯಿಲ್ಲದ ಗಾಳಿ ಒಳಗೇ ಕರಗಿ, ತೆರೆದಾಗ ಗುಳ್ಳೆಗಳಾಗಿ ಏಳುತ್ತದೆ. ಮೊದಮೊದಲು ಇದನ್ನು ದೋಷವೆಂದೇ ತಿಳಿದಿದ್ದರು. 1668ರಿಂದ ಓವಿಲೆ ಮಠದ ಉಗ್ರಾಣವನ್ನು ನೋಡಿಕೊಂಡ ಡಾಮ್ ಪೆರಿನ್ಯೋನ್ ಎಂಬ ಸನ್ಯಾಸಿ ಗುಳ್ಳೆಯ ಪಾನೀಯವನ್ನು ಕಂಡುಹಿಡಿದನೆಂಬುದು ಜನಜನಿತ ಕಥೆ. ನಿಜದಲ್ಲಿ ಗುಳ್ಳೆ ಬಾರದಂತೆ ತಡೆಯಲು ಶ್ರಮಿಸಿದವನು ಅವನು. ಅವನ ಹೆಚ್ಚುಗಾರಿಕೆ ಬೇರೆ ಬೇರೆ ತೋಟಗಳ ಹಣ್ಣುಗಳನ್ನು ಹದವರಿತು ಬೆರೆಸಿದ್ದರಲ್ಲಿದೆ. ಎಷ್ಟು ಸಕ್ಕರೆಗೆ ಎಷ್ಟು ಒತ್ತಡವೆಂಬ ಲೆಕ್ಕವನ್ನು 1830ರ ದಶಕದಲ್ಲಿ ಫ್ರಾನ್ಸುವಾ ಎಂಬ ಔಷಧ ವ್ಯಾಪಾರಿ ಹಾಕಿಕೊಟ್ಟ. ಅದಕ್ಕೆ ಮುಂಚೆ ನೆಲಮಾಳಿಗೆಯಲ್ಲಿ ಶೀಷೆಗಳು ಸಿಡಿಯುವುದು ಸಾಮಾನ್ಯವಾಗಿತ್ತು; ಕೆಲಸಗಾರರು ಮುಖಕ್ಕೆ ಕಬ್ಬಿಣದ ಕವಚ ಹಾಕಿಕೊಂಡು ಓಡಾಡುತ್ತಿದ್ದರು.

ಷಾಂಪೇನಿಗೆ ಇಂದಿನ ರೂಪ ಕೊಟ್ಟವರಲ್ಲಿ ಇಬ್ಬರು ವಿಧವೆಯರ ಪಾತ್ರ ದೊಡ್ಡದು. 1805ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಬಾರ್ಬ್ ನಿಕೋಲ್ ಕ್ಲಿಕೋ ವ್ಯಾಪಾರವನ್ನು ಕೈಗೆ ತೆಗೆದುಕೊಂಡಳು. ಹುದುಗಿದ ಮೇಲೆ ಶೀಷೆಯೊಳಗೆ ಉಳಿಯುವ ಮಡ್ಡಿಯನ್ನು ತೆಗೆಯುವುದು ಆಗ ದೊಡ್ಡ ತೊಡಕಾಗಿತ್ತು. ಆಕೆಯ ನೆಲಮಾಳಿಗೆಯಲ್ಲಿ, ತೂತು ಕೊರೆದ ಹಲಗೆಗೆ ಶೀಷೆಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನವೂ ಇಷ್ಟಿಷ್ಟೇ ತಿರುಗಿಸಿ, ಮಡ್ಡಿಯನ್ನು ಕತ್ತಿಗೆ ಇಳಿಸುವ ಉಪಾಯ ಸಿದ್ಧವಾಯಿತು. ಪಾನೀಯ ತಿಳಿಯಾಯಿತು. ನೆಪೋಲಿಯನ್ನನ ಯುದ್ಧಗಳು ತಣ್ಣಗಾಗುತ್ತಲೇ, 1814ರಲ್ಲಿ, ಆಕೆ ಹಡಗು ತುಂಬಿ ರಷ್ಯಕ್ಕೆ ಸರಕು ಕಳಿಸಿದಳು. ಅಂದಿನ ಷಾಂಪೇನು ಹೇಗಿತ್ತೆಂಬುದಕ್ಕೆ ಸಮುದ್ರವೇ ಸಾಕ್ಷಿ ಹೇಳಿದೆ. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿದ ಹಡಗೊಂದರಿಂದ 168 ಶೀಷೆಗಳು ಸಿಕ್ಕವು. ಕೆಲವು ಈ ಕ್ಲಿಕೋ ಮನೆತನದವೇ. ಸುಮಾರು 170 ವರ್ಷ ನೀರಿನಡಿ ಇದ್ದ ಆ ದ್ರವವನ್ನು ಪರೀಕ್ಷಿಸಿ ನೋಡಿದರೆ ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ! ನಮ್ಮ ಪಾನಕಕ್ಕೆ ಮೇಲಾದ ಸಿಹಿ.

ಇಂಗ್ಲೆಂಡಿನವರ ನಾಲಗೆ ಬೇರೆ ದಾರಿ ಹಿಡಿಯಿತು. ಸಿಹಿಯಾದ ಬೇರೆ ಮದ್ಯಗಳು ಅವರಲ್ಲಿ ಧಾರಾಳವಾಗಿದ್ದುದರಿಂದ ಊಟದೊಡನೆ ಕುಡಿಯಲು ಸಿಹಿಯಿಲ್ಲದ ಷಾಂಪೇನನ್ನು ಕೇಳಿದರು. ಅದನ್ನು ಮನಗಂಡವಳು ಎರಡನೆಯ ವಿಧವೆ, ಲೂಯಿಸ್ ಪೊಮ್ಮರಿ. 1874ರ ಬೆಳೆಯಿಂದ ಆಕೆ ಮಾಡಿಸಿದ ಸಪ್ಪೆ ಷಾಂಪೇನು ಲಂಡನ್ನನ್ನು ಗೆದ್ದಿತು; ‘ಬ್ರೂಟ್’ ಎಂಬ ಬಗೆಗೆ ಪ್ರತಿಷ್ಠೆ ಬಂದದ್ದು ಆ ಮೇಲೆ. ಇಂದು ಬ್ರೂಟ್ ಎಂಬ ಚೀಟಿ ಹೊತ್ತ ಶೀಷೆಯಲ್ಲಿ ಲೀಟರಿಗೆ 12 ಗ್ರಾಂ ಸಕ್ಕರೆಯೂ ಇರಬಾರದು. ಒಂದೇ ಊರಿನ, ಒಂದೇ ಹೆಸರಿನ ಪಾನೀಯ ಗಿರಾಕಿಯ ನಾಲಗೆಯನ್ನು ಅನುಸರಿಸಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದಿತೆಂದಾಯಿತು. ಹೀಗಿರುವಾಗ, ಬ್ರೂಟೇ ನಾಗರಿಕರ ರುಚಿ, ಸಿಹಿ ಬಯಸುವವನು ಹಳ್ಳಿಮುಕ್ಕ ಎಂದು ಮೂಗು ಮುರಿಯುವವರಿಗೆ ಷಾಂಪೇನಿನ ಚರಿತ್ರೆ ತಿಳಿಯದೆಂದೇ ನನ್ನ ಅಭಿಪ್ರಾಯ.

ಆಯ್ಕೆಗೆ ಬರೋಣ. ಚೀಟಿಯ ಮೇಲಿನ ಮಾತುಗಳು ಮೋಸ ಮಾಡುವಂಥವು. ‘ಎಕ್ಸ್‌ಟ್ರಾ ಡ್ರೈ’ ಎಂದರೆ ಬ್ರೂಟಿಗಿಂತ ಒಣಗಲು ಎಂದೇ ಯಾರಾದರೂ ತಿಳಿಯುತ್ತಾರೆ. ವಾಸ್ತವವಾಗಿ ಅದು 12ರಿಂದ 17 ಗ್ರಾಂ ಸಕ್ಕರೆಯದು, ಬ್ರೂಟಿಗಿಂತ ಸಿಹಿ. ‘ಸೆಕ್’ ಎಂದರೆ ಫ್ರೆಂಚಿನಲ್ಲಿ ಒಣ. ಸಕ್ಕರೆ 17ರಿಂದ 32 ಗ್ರಾಂ. ‘ಡೆಮಿ-ಸೆಕ್’ 32ರಿಂದ 50; ಅದರ ಮೇಲಿನದು ‘ಡೂ’. ಏನೂ ಸೇರಿಸದ, 3 ಗ್ರಾಮಿಗಿಂತ ಕಡಮೆಯದಕ್ಕೆ ‘ಬ್ರೂಟ್ ನೇಚರ್’ ಎಂದು ಹೆಸರು. ಸಿಹಿಯಷ್ಟೇ ಮುಖ್ಯವಾದದ್ದು ಹಣ್ಣು. ಬಿಳಿಯ ಶಾರ್ಡೊನೆಯೊಂದರಿಂದಲೇ ಮಾಡಿದ್ದು ನಿಂಬೆಯ ಚುರುಕಿನದು, ಹಗುರವಾದದ್ದು. ಕಪ್ಪು ಪಿನೋ ನ್ವಾರ್ ಮತ್ತು ಮ್ಯೂನಿಯೆಗಳಿಂದ ಮಾಡಿದ್ದು ಮೈದುಂಬಿದ್ದು. ಕಾಲವೂ ರುಚಿಯನ್ನು ಮಾರ್ಪಡಿಸುತ್ತದೆ. ಸಾಧಾರಣ ಷಾಂಪೇನು ಕಡಮೆಯೆಂದರೆ 15 ತಿಂಗಳು, ಒಂದೇ ವರ್ಷದ ಬೆಳೆಯಿಂದ ಮಾಡಿದ್ದು 3 ವರ್ಷ ನೆಲಮಾಳಿಗೆಯಲ್ಲಿರಬೇಕು. ಮಡ್ಡಿಯೊಡನೆ ಹೆಚ್ಚು ಕಾಲವಿದ್ದದ್ದಕ್ಕೆ ಸುಟ್ಟ ರೊಟ್ಟಿಯ, ಹುರಿದ ಬೀಜದ ಪರಿಮಳ ಬರುತ್ತದೆ. ಅದು ಕೆಲವರಿಗೆ ಪ್ರಾಣ; ಕೆಲವರಿಗೆ ಹಳಸಲು.

ಇದೆಲ್ಲ ಪರದೇಶದ ಗೊಂದಲವೆನ್ನಿಸಿದರೆ ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ನಿಲ್ಲಬೇಕು. ತೊಟ್ಟಿನ ಬಳಿ ಮೂಸಿ, ಹೆಬ್ಬೆರಳಿನಿಂದ ಹಗುರಾಗಿ ಒತ್ತಿ, ಬಾದಾಮಿ ಬೇಕೋ ರಸಪುರಿ ಬೇಕೋ ಎಂದು ತೀರ್ಮಾನಿಸುವ ರೈತನಿಗೆ ಯಾವ ಫ್ರೆಂಚ್ ಪರೀಕ್ಷಕನೂ ಹೊಸದೇನನ್ನೂ ಕಲಿಸಲಾರ. ಬಾದಾಮಿಯ ನಯ, ರಸಪುರಿಯ ಒಸರುವ ಸಿಹಿ, ಮಲಗೋವದ ತಿರುಳು, ಕೊನೆಗೆ ಬರುವ ನೀಲಂ — ಒಂದರ ಬದಲಿಗೆ ಇನ್ನೊಂದನ್ನು ಕೊಟ್ಟರೆ ಕಣ್ಣುಮುಚ್ಚಿ ತಿಂದರೂ ಹಿಡಿದುಬಿಡುತ್ತಾನೆ. ಕಾಯಿ ತೋತಾಪುರಿಯನ್ನು ಸೀಳಿ ಉಪ್ಪು ಖಾರ ಹಚ್ಚಿ ತಿನ್ನುವುದನ್ನೇ ಮೆಚ್ಚುವವರೂ ಅಲ್ಲಿದ್ದಾರೆ; ಅವರನ್ನು ಅರಸಿಕರೆಂದು ಯಾರೂ ಜರೆದಿಲ್ಲ. ನನ್ನ ಎಣಿಕೆಯಲ್ಲಿ ತೋತಾಪುರಿಯ ಪಕ್ಷದವನಿಗೆ ಬ್ರೂಟ್ ಹಿಡಿಸುತ್ತದೆ, ರಸಪುರಿಯವನಿಗೆ ಡೆಮಿ-ಸೆಕ್. ಸಿಹಿ, ಹುಳಿ, ಒಗರು ಎಂಬ ನಮ್ಮ ಮೂರು ಮಾತುಗಳೇ ಮೊದಲ ಗುಟುಕನ್ನು ಬಣ್ಣಿಸಲು ಸಾಕು.

ಷಾಂಪೇನಿನ ಪರಿಣತನೊಬ್ಬ ನಮ್ಮ ನೆಲವನ್ನೇ ಪರೀಕ್ಷಿಸಿದ ಪ್ರಸಂಗವೂ ಉಂಟು. ಮಮ್ ಎಂಬ ಪ್ರಸಿದ್ಧ ಷಾಂಪೇನ್ ಸಂಸ್ಥೆಯ ತಾಂತ್ರಿಕ ನಿರ್ದೇಶಕನಾಗಿದ್ದ ಜಾರ್ಜ್ ವೆಸೆಲ್, ಉದ್ಯಮಿ ಕಂವಲ್ ಗ್ರೋವರ್ ಅವರಿಗೆ ನೆರವಾಗಿ ಭಾರತದಲ್ಲಿ ಫ್ರೆಂಚ್ ಬಳ್ಳಿಗಳಿಗೆ ತಕ್ಕ ಜಾಗವನ್ನು ಹುಡುಕಿದ. ಹಲವು ತಳಿಗಳ ಪ್ರಯೋಗ ನಡೆದು, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಅಡಿಯಲ್ಲಿ ತೋಟ ನಿಂತಿತು. ನಂದಿಬೆಟ್ಟ 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗುವವರೆಗೆ ಕೋಲಾರ ಜಿಲ್ಲೆಯದೇ. ಈ ಸೀಮೆಗೆ ಮೊದಲಿನಿಂದ ಗೊತ್ತಿದ್ದದ್ದು ತಿನ್ನುವ ಬೆಂಗಳೂರು ಬ್ಲೂ ದ್ರಾಕ್ಷಿ. ಫ್ರಾನ್ಸಿನಲ್ಲಿ ಬಳ್ಳಿ ಚಳಿಗೆ ತಾನೇ ಮಲಗುತ್ತದೆ. ಇಲ್ಲಿ ಮಲಗಿಸುವ ಚಳಿಯಿಲ್ಲವಾದ್ದರಿಂದ ವರ್ಷಕ್ಕೆರಡು ಸಲ ಸವರಿ ಬಳ್ಳಿಯನ್ನು ಅಂಕೆಯಲ್ಲಿಡಬೇಕು. ಬಿಸಿಲಿಗೆ ಹಣ್ಣಿನ ಸಿಹಿ ಏರಿ ಹುಳಿ ಬೇಗ ಇಳಿಯುತ್ತದೆ. ಎತ್ತರದ ನೆಲದ ತಂಪು ರಾತ್ರಿಗಳು ಆ ಹುಳಿಯನ್ನು ಅಷ್ಟಿಷ್ಟು ಕಾಯುತ್ತವೆ. ಎಂಥ ಪರಿಣತನ ಕೈ ಸೋಕಿದರೂ ಇಲ್ಲಿ ಆದದ್ದು ಷಾಂಪೇನ್ ಆಗಲಾರದು. ನಂಜನಗೂಡಿನ ರಸಬಾಳೆಯಂತೆ ಅದೂ ಒಂದು ಮಣ್ಣಿನ ಸೊತ್ತು. ಆ ಪ್ರಾಂತದಲ್ಲಿ ಬೆಳೆದು ಅಲ್ಲೇ ಆದದ್ದಕ್ಕೆ ಮಾತ್ರ ಆ ಹೆಸರು. ಪುಣೆಯ ಬಳಿಯ ನಾರಾಯಣಗಾಂವಿನಲ್ಲಿ 1980ರ ದಶಕದಲ್ಲಿ ಪೈಪರ್-ಹೈಡ್‌ಸೀಕ್ ಸಂಸ್ಥೆಯ ತಾಂತ್ರಿಕ ನೆರವಿನಿಂದ ತಯಾರಾದ ಗುಳ್ಳೆಯ ಮದ್ಯ ಹೊರದೇಶಗಳಲ್ಲಿ ಮಾರಾಟವಾದದ್ದು ‘ಉಮರ್ ಖಯ್ಯಾಮ್’ ಎಂಬ ಹೆಸರಿನಲ್ಲಿ! ಮುಳಬಾಗಿಲಿನವರು ಕನ್ನಡಕ್ಕೆ ಕರೆತಂದ ಕವಿ ಶೀಷೆಯ ಚೀಟಿಯನ್ನೂ ಏರಿದ್ದ.

ಇಷ್ಟೆಲ್ಲ ನೋಡಿ ಆರಿಸಿದ್ದನ್ನು ಬಡಿಸುವಾಗ ಕೆಡಿಸುವವರೇ ಹೆಚ್ಚು. ಸಿನಿಮಾದವರಂತೆ ಬಿರಟೆಯನ್ನು ಢಮ್ಮೆಂದು ಹಾರಿಸಿದರೆ ನೊರೆಯೆಲ್ಲ ನೆಲದ ಪಾಲು. ಒಳಗಿನ ಒತ್ತಡ ವಾಯುಮಂಡಲದ ಐದಾರು ಪಟ್ಟು ಇರುವುದರಿಂದ ಕಣ್ಣಿಗೂ ಅಪಾಯ. ಬಿರಟೆಯನ್ನು ಬಿಗಿಹಿಡಿದು ಶೀಷೆಯನ್ನೇ ಮೆಲ್ಲಗೆ ತಿರುಗಿಸಬೇಕು. ಮಂಜುಗಡ್ಡೆಯಷ್ಟು ತಣ್ಣಗಾದರೆ ನಾಲಗೆ ಮರಗಟ್ಟಿ ಯಾವ ರುಚಿಯೂ ತಿಳಿಯದು. 8ರಿಂದ 10 ಡಿಗ್ರಿ ಸೆಲ್ಸಿಯಸ್ ಸಾಕು. ಬಾಯಗಲದ ತಟ್ಟೆಯಂಥ ಲೋಟದಲ್ಲಿ ಗುಳ್ಳೆ ಬೇಗ ಆರುತ್ತದೆ. ಮೊಗ್ಗಿನ ಆಕಾರದ ನೀಳ ಲೋಟ ಲೇಸು. ಜೊತೆಗೆ ಏನು ತಿನ್ನುತ್ತೇವೆಂಬುದೂ ಮುಖ್ಯ. ಉಪ್ಪು ಹಚ್ಚಿ ಹುರಿದ ಗೋಡಂಬಿಯೊಡನೆ ಬ್ರೂಟ್ ಚೆನ್ನಾಗಿ ಹೊಂದುತ್ತದೆ. ವೈಶಾಖದ ಬಾದಾಮಿ ಹಣ್ಣನ್ನು ಹೋಳು ಮಾಡಿ ಅದೇ ಬ್ರೂಟಿನೊಡನೆ ಇಟ್ಟರೆ, ಹಣ್ಣಿನ ಸಿಹಿಯ ಮುಂದೆ ಎಂಥ ದುಬಾರಿ ಷಾಂಪೇನೂ ಬರೀ ಹುಳಿಯಾಗಿ ತೋರುತ್ತದೆ. ಅಲ್ಲಿಗೆ ಡೆಮಿ-ಸೆಕ್ಕೇ ಬೇಕು. ಅದೂ ಸಿಗದಿದ್ದರೆ ಶೀಷೆಯನ್ನು ಇನ್ನೊಂದು ದಿನಕ್ಕೆ ಎತ್ತಿಟ್ಟು ಹಣ್ಣನ್ನೇ ತಿನ್ನುವುದು ವಾಸಿ.