ಕಾಸಿಗೆ ತಕ್ಕ ಕಜ್ಜಾಯ: ಕಡಲತಡಿಯ ‘ಗ್ರ್ಯಾಂಡ್’ ಹೋಟೆಲಿನ ಏಳುಬೀಳು

ಸಂಜೆ ನಾಲ್ಕರ ಹೊತ್ತಿಗೆ ಪ್ರವಾಸಿ ಬಸ್ಸು ಬಂದು ನಿಲ್ಲುತ್ತದೆ. ಊರುಗೋಲು ಹಿಡಿದವರು, ಕೈಚೀಲ ತಬ್ಬಿಕೊಂಡವರು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಹೆಚ್ಚಿನವರು ಅರವತ್ತು ದಾಟಿದವರು. ಇಳಿದವರೆಲ್ಲ ಮೊದಲು ಕತ್ತೆತ್ತಿ ನೋಡುವುದು ಎದುರಿಗಿರುವ ಅರಮನೆಯಂಥ ಕಟ್ಟಡವನ್ನು. ಒಳಗೆ ಕಾಲಿಟ್ಟರೆ ಅಗಲವಾದ ಮೆಟ್ಟಿಲು, ಎತ್ತರದ ಕಂಬಗಳು. ಆದರೆ ಲಿಫ್ಟಿನ ಮುಂದೆ ಉದ್ದನೆಯ ಸಾಲು. ಮೇಲೆ ಹೋದರೆ ಸವೆದ ಜಮಖಾನೆ, ಇಕ್ಕಟ್ಟಿನ ಕೊಠಡಿ, ಕಿಟಕಿ ತೆರೆದರೆ ಸಮುದ್ರದ ಬದಲು ಇನ್ನೊಂದು ಗೋಡೆ. ವರ್ಷವಿಡೀ ಕಾದಿದ್ದ ಪ್ರವಾಸದ ಉತ್ಸಾಹ ಅರ್ಧ ಗಂಟೆಯೊಳಗೆ ಇಳಿದುಹೋಗುತ್ತದೆ.

ಇಂಗ್ಲೆಂಡಿನ ಕಡಲತಡಿಯ ಹಳೆಯ ಹೋಟೆಲುಗಳಲ್ಲಿ ಹಲವು ದಶಕಗಳಿಂದ ನಡೆದು ಬಂದಿರುವ ದೃಶ್ಯ ಇದು. ‘ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು’ ಎಂದು ಬೈದುಕೊಂಡು ಹೋದವರು ಅಸಂಖ್ಯ. ‘ಕಾಸಿಗೆ ತಕ್ಕ ಕಜ್ಜಾಯ’ ಎಂದು ಸಮಾಧಾನ ಹೇಳಿದವರೂ ಇದ್ದಾರೆ. ಇವೆರಡು ಮಾತುಗಳಲ್ಲಿ ಯಾವುದು ಸರಿ? ಉತ್ತರ ಹುಡುಕಬೇಕಾದರೆ ಇಂಥ ಒಂದು ಹೋಟೆಲಿನ ಚರಿತ್ರೆಯನ್ನೇ ನೋಡಬೇಕು. ಯಾರ್ಕ್‌ಷೈರ್ ಪ್ರಾಂತ್ಯದ ಸ್ಕಾರ್ಬರೋ ಪಟ್ಟಣದಲ್ಲಿ ಬಂಡೆಯ ಅಂಚಿನ ಮೇಲೆ ನಿಂತಿರುವ ಗ್ರ್ಯಾಂಡ್ ಹೋಟೆಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಪಂಚಾಂಗದಂಥ ಕಟ್ಟಡ

ಸ್ಕಾರ್ಬರೋ ಮೂಲತಃ ಮೀನುಗಾರರ ಊರು. 17ನೇ ಶತಮಾನದಲ್ಲಿ ಅಲ್ಲಿನ ಬಂಡೆಯ ಬುಡದಲ್ಲಿ ಖನಿಜಯುಕ್ತ ನೀರಿನ ಊಟೆಯೊಂದು ಪತ್ತೆಯಾಯಿತು. ಆ ನೀರು ಕುಡಿದರೆ ರೋಗ ವಾಸಿಯಾಗುತ್ತದೆಂಬ ನಂಬಿಕೆ ಹಬ್ಬಿ ಸಿರಿವಂತರು ಬರತೊಡಗಿದರು. ಮುಂದೆ ಸಮುದ್ರಸ್ನಾನವೂ ಔಷಧವೆಂಬ ಮಾತು ಬಂತು. ಕಾದಂಬರಿಕಾರ್ತಿ ಆ್ಯನ್ ಬ್ರಾಂಟೆ 1849ರ ಮೇ ತಿಂಗಳಿನಲ್ಲಿ ಕ್ಷಯರೋಗದಿಂದ ಬಳಲುತ್ತ ಇಲ್ಲಿಗೆ ಬಂದದ್ದು ಅದೇ ಆಸೆಯಿಂದ. ಬಂದ ಕೆಲವೇ ದಿನಗಳಲ್ಲಿ ಬಾಡಿಗೆ ಕೊಠಡಿಯಲ್ಲಿ ಆಕೆ ತೀರಿಕೊಂಡಳು. ಆ ಬಾಡಿಗೆ ಮನೆ ಇದ್ದ ಜಾಗದಲ್ಲೇ ಇಂದು ಗ್ರ್ಯಾಂಡ್ ಹೋಟೆಲು ನಿಂತಿದೆ.

1845ರಲ್ಲಿ ಸ್ಕಾರ್ಬರೋಗೆ ರೈಲು ಬಂದಿತ್ತು. ಲೀಡ್ಸ್, ಬ್ರ್ಯಾಡ್‌ಫರ್ಡ್ ನಗರಗಳ ಉಣ್ಣೆ ಗಿರಣಿಗಳಿಂದ ಹಣ ಮಾಡಿದ ಕುಟುಂಬಗಳಿಗೆ ಕಡಲತೀರ ಹತ್ತಿರವಾಯಿತು. ಅಂಥವರಿಗಾಗಿಯೇ 1867ರಲ್ಲಿ ಗ್ರ್ಯಾಂಡ್ ತೆರೆಯಿತು. ಇದರ ವಾಸ್ತುಶಿಲ್ಪಿ ಕತ್‌ಬರ್ಟ್ ಬ್ರಾಡ್ರಿಕ್. ಲೀಡ್ಸ್ ನಗರದ ಪ್ರಸಿದ್ಧ ಟೌನ್‌ಹಾಲನ್ನು ರೂಪಿಸಿದವನೂ ಆತನೇ. ಯೂರೋಪಿನ ಅತಿ ದೊಡ್ಡ ಹೋಟೆಲುಗಳ ಸಾಲಿಗೆ ಸೇರಿದ ಈ ಇಟ್ಟಿಗೆಯ ಕಟ್ಟಡವನ್ನು ಆತ ಕಾಲಗಣನೆಯ ಲೆಕ್ಕದಲ್ಲಿ ಕಟ್ಟಿದ. ನಾಲ್ಕು ಋತುಗಳಿಗೆ ನಾಲ್ಕು ಗೋಪುರ, ಹನ್ನೆರಡು ತಿಂಗಳಿಗೆ ಹನ್ನೆರಡು ಅಂತಸ್ತು, ವಾರಗಳ ಲೆಕ್ಕಕ್ಕೆ 52 ಹೊಗೆಗೂಡು, ದಿನಕ್ಕೊಂದರಂತೆ 365 ಕೊಠಡಿ. ಇಡೀ ಕಟ್ಟಡವೇ ಒಂದು ಪಂಚಾಂಗ!

ಸ್ನಾನದ ತೊಟ್ಟಿಗಳಿಗೆ ಸಿಹಿನೀರಿನ ನಲ್ಲಿಗಳ ಜೊತೆಗೆ ಸಮುದ್ರದ ನೀರಿಗೆಂದೇ ಬೇರೆ ನಲ್ಲಿಗಳನ್ನು ಜೋಡಿಸಲಾಗಿತ್ತು. ಹೋಟೆಲು ಬಿಟ್ಟು ಹೊರಗೆ ಬಾರದೆಯೇ ಕಡಲಸ್ನಾನ ಮುಗಿಸಬಹುದಾಗಿತ್ತು. ಆ ಕಾಲದ ಇಂಥ ಹೋಟೆಲುಗಳಿಗೆ ಬರುತ್ತಿದ್ದವರು ಒಂದೆರಡು ದಿನದ ಅತಿಥಿಗಳಲ್ಲ. ಪೆಟ್ಟಿಗೆ, ಪಟಾರಿ, ಆಳುಕಾಳುಗಳ ಸಮೇತ ಬಂದು ವಾರಗಟ್ಟಲೆ ಉಳಿಯುವವರು. ಆಳುಗಳಿಗೆ ಮೇಲಿನ ಅಂತಸ್ತಿನ ಅಥವಾ ಹಿಂಬದಿಯ ಪುಟ್ಟ ಕೊಠಡಿಗಳು ಮೀಸಲು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನೂರು ವರ್ಷಗಳ ನಂತರ ಬಸ್ಸಿನಲ್ಲಿ ಬಂದ ಅತಿಥಿಗಳ ಪಾಲಿಗೆ ಬಂದದ್ದು ಬಹಳ ಸಲ ಅಂಥ ಕೊಠಡಿಗಳೇ.

ಬೆಂಚುಗಾಡಿಯ ಸಂತತಿ

1914ರ ಡಿಸೆಂಬರ್ 16ರಂದು ಜರ್ಮನ್ ಯುದ್ಧನೌಕೆಗಳು ಸ್ಕಾರ್ಬರೋ ಮೇಲೆ ಗುಂಡಿನ ಮಳೆಗರೆದಾಗ ಸಮುದ್ರಕ್ಕೆ ಎದೆಯೊಡ್ಡಿ ನಿಂತಿದ್ದ ಗ್ರ್ಯಾಂಡ್ ಹೋಟೆಲಿಗೂ ಪೆಟ್ಟು ಬಿತ್ತು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ತರಬೇತಿ ಪಡೆಯುವ ಯುವಕರಿಗೆ ಅದು ವಸತಿಗೃಹವಾಯಿತು. ಕಟ್ಟಡವೇನೋ ಎರಡೂ ಯುದ್ಧಗಳಲ್ಲಿ ಉಳಿದುಕೊಂಡಿತು. ಆದರೆ ಆಳುಕಾಳುಗಳೊಂದಿಗೆ ಬಂದು ವಾರಗಟ್ಟಲೆ ತಂಗುವ ಅತಿಥಿಗಳ ಕಾಲ ಮುಗಿದಿತ್ತು.

ಅವರ ಜಾಗಕ್ಕೆ ಬಂದವರು ಬೇರೆಯೇ ಜನ. 1871ರ ಬ್ಯಾಂಕ್ ರಜಾ ಕಾನೂನು ಕೆಲಸಗಾರರಿಗೆ ವರ್ಷದಲ್ಲಿ ಕೆಲವು ದಿನಗಳ ಬಿಡುವು ಕೊಡಿಸಿತ್ತು. 1938ರ ಕಾನೂನು ಸಂಬಳಸಹಿತ ವಾರ್ಷಿಕ ರಜೆಗೆ ದಾರಿ ಮಾಡಿತು. ಮರುವರ್ಷವೇ ಯುದ್ಧ ಶುರುವಾದ್ದರಿಂದ ಅದರ ಪೂರ್ಣ ಫಲ ಸಿಕ್ಕಿದ್ದು 1945ರ ನಂತರ. ಕೈಯಲ್ಲಿ ರಜೆಯಿತ್ತು, ಅಲ್ಪಸ್ವಲ್ಪ ಹಣವೂ ಇತ್ತು. ಎಲ್ಲರ ಬಳಿ ಕಾರು ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಪ್ರವಾಸಿ ಬಸ್ಸು. ಇಂಗ್ಲೆಂಡಿನಲ್ಲಿ ಇದಕ್ಕೆ ‘ಕೋಚ್’ ಎನ್ನುತ್ತಾರೆ.

ಕೋಚಿನ ಅಜ್ಜ ‘ಶಾರಬ್ಯಾಂಗ್’. ಫ್ರೆಂಚ್ ಭಾಷೆಯಿಂದ ಬಂದ ಈ ಹೆಸರಿಗೆ ಬೆಂಚುಗಳುಳ್ಳ ಗಾಡಿ ಎಂದರ್ಥ. ಮೊದಲು ಕುದುರೆಗಳು ಎಳೆಯುತ್ತಿದ್ದ ಈ ಗಾಡಿಗೆ 20ನೇ ಶತಮಾನದ ಆರಂಭದಲ್ಲಿ ಮೋಟಾರು ಬಂತು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಲಾರಿಗಳ ಚೌಕಟ್ಟಿನ ಮೇಲೆ ಬೆಂಚು ಕೂರಿಸಿ ಊರೂರಿನ ಗ್ಯಾರೇಜಿನವರು ವಿಹಾರದ ವ್ಯಾಪಾರಕ್ಕಿಳಿದರು. ಕಾರ್ಖಾನೆಯ ಕೆಲಸಗಾರರು, ಚರ್ಚಿನ ಭಕ್ತರು, ಹೆಂಗಸರ ಸಂಘದವರು ತಿಂಗಳುಗಟ್ಟಲೆ ಪುಡಿಗಾಸು ಕೂಡಿಸಿ ಒಟ್ಟಾಗಿ ಹೊರಡುವ ರೂಢಿ ಬೆಳೆಯಿತು. ಕ್ರಮೇಣ ಒಂದು ದಿನದ ವಿಹಾರ ವಾರದ ಪ್ರವಾಸವಾಗಿ, ಬಸ್ಸಿನ ಟಿಕೆಟ್ಟಿನಲ್ಲಿಯೇ ಹೋಟೆಲಿನ ವಸತಿ, ಬೆಳಗಿನ ತಿಂಡಿ, ರಾತ್ರಿಯ ಊಟ ಎಲ್ಲವೂ ಸೇರಿಕೊಂಡವು.

ಸ್ಪೇನಿನ ಬಿಸಿಲು

ಇಷ್ಟರಲ್ಲೇ ಕಡಲತಡಿಯ ಹೋಟೆಲುಗಳಿಗೆ ಬೇರೊಂದು ದಿಕ್ಕಿನಿಂದ ಹೊಡೆತ ಬಿತ್ತು. 1950ರಲ್ಲಿ ವ್ಲಾದಿಮಿರ್ ರೈಟ್ಜ್ ಎಂಬಾತ ಪುಟ್ಟ ಗುಂಪೊಂದನ್ನು ಬಾಡಿಗೆ ವಿಮಾನದಲ್ಲಿ ಕಾರ್ಸಿಕಾ ದ್ವೀಪಕ್ಕೆ ಕರೆದೊಯ್ದ. ವಿಮಾನ, ವಸತಿ, ಊಟ ಸೇರಿ ಅವನು ಕೇಳಿದ್ದು 32 ಪೌಂಡ್ 10 ಷಿಲಿಂಗ್. ಅಲ್ಲಿಂದ ಎರಡು ದಶಕಗಳಲ್ಲಿ ಜೆಟ್ ವಿಮಾನಗಳು ಬಂದು, ಸ್ಪೇನಿನ ಖಚಿತ ಬಿಸಿಲು ಇಂಗ್ಲೆಂಡಿನ ಸಾಮಾನ್ಯ ಕುಟುಂಬಗಳಿಗೂ ಎಟುಕಿತು. ಮಳೆಯಲ್ಲಿ ಕೊಡೆ ಹಿಡಿದು ಸಮುದ್ರ ನೋಡಲು ಸ್ಕಾರ್ಬರೋಗೆ ಏಕೆ ಹೋಗಬೇಕು?

ಇದೇ ವೇಳೆಗೆ ಹಳೆಯ ಹೋಟೆಲುಗಳ ಖರ್ಚು ಏರುತ್ತಲೇ ಇತ್ತು. 1971ರ ಅಗ್ನಿಸುರಕ್ಷಾ ಕಾನೂನಿನ ಪ್ರಕಾರ ಬೆಂಕಿ ತಡೆಯುವ ಬಾಗಿಲು, ಬೇರೆ ಮೆಟ್ಟಿಲುಗಳ ವ್ಯವಸ್ಥೆ ಆಗಬೇಕಿತ್ತು. ಅತಿಥಿಗಳು ಪ್ರತಿ ಕೊಠಡಿಗೂ ಸ್ನಾನಗೃಹ ಬೇಕೆಂದರು. ಒಂದು ಅಂತಸ್ತಿಗೆ ಒಂದೆರಡು ಸ್ನಾನದ ಕೋಣೆ ಇರುವಂತೆ ಕಟ್ಟಿದ್ದ ಹಳೆಯ ಕಟ್ಟಡಗಳಲ್ಲಿ ಕೊಠಡಿಯ ಮೂಲೆಯನ್ನೇ ಹಲಗೆಯಿಂದ ಮರೆಮಾಡಿ ಷವರು ಕೂರಿಸುವುದೊಂದೇ ದಾರಿ. ಹಳೆಯ ಹೋಟೆಲುಗಳ ಸ್ನಾನದ ಕೋಣೆಯಲ್ಲಿ ತಿರುಗಲೂ ಜಾಗವಿಲ್ಲವೆಂಬ ದೂರಿನ ಹಿಂದೆ ಇರುವ ಇತಿಹಾಸ ಇದು.

ಗ್ರ್ಯಾಂಡ್ ಹೋಟೆಲನ್ನು 1970ರ ದಶಕದ ಕೊನೆಯಲ್ಲಿ ಬಟ್ಲಿನ್ಸ್ ಸಂಸ್ಥೆ ಕೊಂಡಿತು. ಬಿಲ್ಲಿ ಬಟ್ಲಿನ್ 1936ರಲ್ಲಿ ಸ್ಕೆಗ್ನೆಸ್ ಎಂಬಲ್ಲಿ ಮೊದಲ ಶಿಬಿರ ತೆರೆದು, ಕಾರ್ಮಿಕ ಕುಟುಂಬಗಳಿಗೆ ಅಗ್ಗದ ರಜಾ ಶಿಬಿರಗಳನ್ನು ನಡೆಸಿ ಹೆಸರಾದವನು. ಶ್ರೀಮಂತರಿಗಾಗಿ ಕಟ್ಟಿದ ಅರಮನೆಗೆ ಶ್ರೀಸಾಮಾನ್ಯರ ಶಿಬಿರದ ಸಂಸ್ಥೆ ಯಜಮಾನನಾಯಿತು! 1998ರಲ್ಲಿ ಹೋಟೆಲು ಮತ್ತೆ ಕೈಬದಲಾಯಿತು. 2004ರಲ್ಲಿ ಕಡಿಮೆ ದರಕ್ಕೆ ಹೆಸರಾದ ಹೋಟೆಲು ಸರಣಿಯೊಂದರ ವಶವಾಯಿತು. ಬ್ರಿಟನ್ನಿನ ಗ್ರಾಹಕ ಸಂಸ್ಥೆಯೊಂದು ನಡೆಸುವ ಸಮೀಕ್ಷೆಗಳಲ್ಲಿ ಈ ಸರಣಿ ಅನೇಕ ವರ್ಷ ಪಟ್ಟಿಯ ತಳದಲ್ಲೇ ಕಾಣಿಸಿಕೊಂಡಿದೆ.

ದೂರಿನ ಲೆಕ್ಕಾಚಾರ

ನಿರಾಸೆಗೆ ಕಾರಣವಾದ ಲೆಕ್ಕ ಸರಳ. ಪ್ರವಾಸ ಸಂಸ್ಥೆ ಐವತ್ತು ಆಸನಗಳ ಬಸ್ಸಿಗೆ ಬೇಕಾದಷ್ಟು ಕೊಠಡಿಗಳನ್ನು ತಿಂಗಳುಗಳ ಮೊದಲೇ ಸಗಟಾಗಿ ಕಾದಿರಿಸುತ್ತದೆ. ಕೊಠಡಿ ಖಾಲಿ ಬೀಳುವುದಿಲ್ಲವೆಂಬ ಭರವಸೆಗಾಗಿ ಹೋಟೆಲಿನವರು ದರ ಇಳಿಸುತ್ತಾರೆ. ಆ ದರದಲ್ಲಿ ಲಾಭ ಉಳಿಯಬೇಕಾದರೆ ಎಲ್ಲರಿಗೂ ಒಂದೇ ಅಡುಗೆ, ಒಂದೇ ಹೊತ್ತಿಗೆ ಊಟ. ಕೆಲಸಗಾರರು ಕಡಿಮೆ, ರಿಪೇರಿ ಮುಂದಿನ ವರ್ಷಕ್ಕೆ. ಸಮುದ್ರ ಕಾಣುವ ಕೊಠಡಿಗಳು ಹೆಚ್ಚು ಹಣ ಕೊಡುವವರಿಗೆ. ಒಂಟಿಯಾಗಿ ಬಂದ ವಿಧವೆಗೆ ಹಿಂಬದಿಯ ಪುಟ್ಟ ಕೊಠಡಿ, ಮೇಲೆ ಒಂಟಿ ವಸತಿಯ ಹೆಚ್ಚುವರಿ ಶುಲ್ಕ. ಎರಡು ಮೂರು ಬಸ್ಸುಗಳು ಒಟ್ಟಿಗೆ ಬಂದಾಗ ಲಿಫ್ಟು ಮೇಲಿಂದ ಕೆಳಗೆ ಬರುವುದರೊಳಗೆ ಊಟದ ಹೊತ್ತು ಮುಗಿದಿರುತ್ತದೆ.

ಆದರೆ ಇದೇ ಬಸ್ಸುಗಳು ಬಾರದಿದ್ದರೆ? ನವೆಂಬರಿನಿಂದ ಮಾರ್ಚಿಯವರೆಗೆ ಇಷ್ಟು ದೊಡ್ಡ ಕಟ್ಟಡದ ಕೊಠಡಿಗಳನ್ನು ತುಂಬಿಸುವವರು ಯಾರು? ಚಳಿಗಾಲಕ್ಕೆಂದು ಈ ಹೋಟೆಲುಗಳು ‘ಟರ್ಕಿ ಅಂಡ್ ಟಿನ್ಸೆಲ್’ ಎಂಬ ಪ್ರವಾಸವನ್ನೇ ಹುಟ್ಟುಹಾಕಿದವು. ನವೆಂಬರಿನ ಒಂದೇ ವಾರದಲ್ಲಿ ಕ್ರಿಸ್‌ಮಸ್ ಊಟ, ಉಡುಗೊರೆ, ಹೊಸ ವರ್ಷದ ಕುಣಿತ ಎಲ್ಲ ಮುಗಿಯುತ್ತದೆ. ಕೇಳಿದರೆ ನಗು ಬರುತ್ತದೆ. ಆದರೆ ಮಕ್ಕಳು ದೂರವಿದ್ದು, ನಿಜವಾದ ಕ್ರಿಸ್‌ಮಸ್ ದಿನ ಮನೆಯಲ್ಲಿ ಒಬ್ಬರೇ ಕೂರುವ ಮುದುಕರಿಗೆ ಅದು ನಗುವ ವಿಷಯವಲ್ಲ. ಬಸ್ಸು ಮನೆಯ ಹತ್ತಿರದಿಂದಲೇ ಹೊರಡುತ್ತದೆ, ಸಾಮಾನು ಹೊರುವ ಕಷ್ಟವಿಲ್ಲ, ಊಟದ ಮೇಜಿನಲ್ಲಿ ಮಾತಿಗೆ ಜನ ಸಿಗುತ್ತಾರೆ. ಕೊಠಡಿಯನ್ನು ಬೈಯುತ್ತಲೇ ಮುಂದಿನ ವರ್ಷಕ್ಕೂ ಹೆಸರು ಬರೆಸುವವರ ಗುಟ್ಟು ಇದು.

ಈ ಅವಲಂಬನೆ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿತ್ತೆಂಬುದು 2020ರಲ್ಲಿ ಗೊತ್ತಾಯಿತು. 2005ರಲ್ಲಿ ವಾಲೇಸ್ ಆರ್ನಾಲ್ಡ್ ಕಂಪನಿಯೊಂದಿಗೆ ಒಂದಾಗಿದ್ದ, ಸ್ವಂತ ಹೋಟೆಲುಗಳನ್ನೂ ಹೊಂದಿದ್ದ ದೊಡ್ಡ ಕೋಚ್ ಪ್ರವಾಸ ಸಂಸ್ಥೆ ಷೀರಿಂಗ್ಸ್ ಕೊರೊನಾ ಹಾವಳಿಗೆ ಸಿಕ್ಕಿ ಆ ವರ್ಷದ ಮೇ ತಿಂಗಳಲ್ಲಿ ಕುಸಿಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು, ಸಾವಿರಾರು ಪ್ರವಾಸಗಳು ರದ್ದಾದವು.

ಯಾರ ಹೊಣೆ?

ಗ್ರ್ಯಾಂಡ್ ಹೋಟೆಲು ಸರ್ಕಾರದ ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಎರಡನೇ ದರ್ಜೆಯ ವಿಶೇಷ ಸ್ಥಾನ ಪಡೆದಿದೆ. ಅದನ್ನು ಮನಬಂದಂತೆ ಕೆಡವುವ ಹಾಗಿಲ್ಲ, ಬದಲಿಸುವ ಹಾಗೂ ಇಲ್ಲ. ಉಪ್ಪುಗಾಳಿ ಇಟ್ಟಿಗೆಯನ್ನು ತಿನ್ನುತ್ತದೆ, ಗೋಡೆಯ ಅಂಚುಗಳಲ್ಲಿ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಅರಮನೆಯನ್ನು ಕಾಪಾಡುವ ಖರ್ಚನ್ನು ಪಿಂಚಣಿದಾರರ ಅಗ್ಗದ ಟಿಕೆಟ್ಟಿನಿಂದ ಹುಟ್ಟಿಸಬೇಕೆನ್ನುವುದು ಆಗುಹೋಗದ ಮಾತು. ಈ ಕಟ್ಟಡಗಳನ್ನು ಇಷ್ಟು ದಿನ ತೆರೆದಿಟ್ಟವರು ಬಸ್ಸಿನ ಪ್ರಯಾಣಿಕರು ನಿಜ. ಅವನ್ನು ಮೊದಲಿನಂತೆ ಮಾಡುವ ಶಕ್ತಿ ಅವರ ಕಿಸೆಗಿಲ್ಲ.

ಹಾಗೆಂದು ‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಗಾದೆಯನ್ನು ಎಲ್ಲದಕ್ಕೂ ಅಡ್ಡ ಹಿಡಿಯುವಂತಿಲ್ಲ. ಕೊಠಡಿ ಚಿಕ್ಕದು, ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಊಟ ಬೇಗ ಮುಗಿಯುತ್ತದೆ ಎಂಬುದನ್ನು ಕಡಿಮೆ ದರ ವಿವರಿಸುತ್ತದೆ. ಕೊಳೆಯಾದ ಹಾಸಿಗೆ, ತಣ್ಣನೆಯ ನಲ್ಲಿ, ಕೆಟ್ಟು ನಿಂತ ಲಿಫ್ಟನ್ನು ಅದು ವಿವರಿಸುವುದಿಲ್ಲ. ಹೊದಿಕೆ ಒಗೆಯಲು ಅರಮನೆಯ ಬಂಡವಾಳ ಬೇಕಿಲ್ಲ. ಮೊದಲನೆಯದು ಚರಿತ್ರೆಯ ಫಲ. ಎರಡನೆಯದು ಬೇರೆ ದಾರಿಯಿಲ್ಲದ ಅತಿಥಿ ಸುಮ್ಮನಿರುತ್ತಾನೆಂಬ ಧೈರ್ಯದ ಫಲ. ವರ್ಷಕ್ಕೊಮ್ಮೆ ಮನೆಬಿಟ್ಟು ಹೊರಡುವ ಎಪ್ಪತ್ತರ ಅಜ್ಜಿಗೆ ನಾಲ್ಕು ಗೋಪುರಗಳ ವೈಭವ ಸಿಗದಿದ್ದರೂ ನಡೆದೀತು. ಆಕೆ ದುಡ್ಡು ಕೊಟ್ಟಿರುವುದು ಒಂದು ಶುಭ್ರವಾದ ಹಾಸಿಗೆಗೆ, ಬಿಸಿನೀರಿಗೆ. ಅಷ್ಟನ್ನಾದರೂ ಆಕೆ ಕೇಳಿ ಪಡೆಯಬೇಕಾಗಿ ಬರಬಾರದು.